ಆಳಂದ, ಅಫಜಲಪುರ, ಜೇವರ್ಗಿ: ಪ್ರವಾಸ ಮಾರ್ಗದರ್ಶಿ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಕರ್ನಾಟಕದ ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಮೂರು ತಾಲ್ಲೂಕುಗಳು ಹಾಗೂ ಅವುಗಳ ಕೇಂದ್ರ ಪಟ್ಟಣಗಳು. ಆಳಂದ ಕಲಬುರಗಿ ನಗರದ ವಾಯವ್ಯಕ್ಕೆ, ಅಫಜಲಪುರ ಪಶ್ಚಿಮಕ್ಕೆ, ಜೇವರ್ಗಿ ದಕ್ಷಿಣಕ್ಕೆ ಇವೆ. ಭೀಮಾ ನದಿಯೂ ಅದರ ಉಪನದಿ ಅಮರ್ಜಾವೂ ಈ ಪ್ರದೇಶವನ್ನು ಹೆಣೆದಿವೆ. ದತ್ತ ಸಂಪ್ರದಾಯದ ಪ್ರಮುಖ ಕ್ಷೇತ್ರವಾದ ದೇವಲ ಗಾಣಗಾಪುರ, ಆಳಂದದ ಲಾಡ್ಲೇ ಮಶಾಯಕ್ ದರ್ಗಾ, ಘತ್ತರಗಿಯ ಭಾಗ್ಯವಂತಿ ದೇವಸ್ಥಾನ, ಅರಳಗುಂಡಗಿ ಮತ್ತು ಕಡಕೋಳದ ಶರಣ ಸ್ಥಾನಗಳು ಇಲ್ಲಿನ ಮುಖ್ಯ ಆಕರ್ಷಣೆಗಳು. ಕೋಟೆ, ಅರಮನೆ, ಗಿರಿಧಾಮಗಳನ್ನು ಅರಸಿ ಇಲ್ಲಿಗೆ ಬರುವವರು ಕಡಿಮೆ. ಬಹುಪಾಲು ಜನ ಬರುವುದು ಹರಕೆ ತೀರಿಸಲು, ಜಾತ್ರೆಗೆ, ಉರುಸಿಗೆ, ಪಾರಾಯಣಕ್ಕೆ. ಆದ್ದರಿಂದ ಇಲ್ಲಿನ ಪ್ರವಾಸವನ್ನು ವಾರ, ತಿಥಿ ಮತ್ತು ನದಿಯ ನೀರಿನ ಮಟ್ಟ ಈ ಮೂರನ್ನು ನೋಡಿ ಯೋಜಿಸಿಕೊಳ್ಳುವುದು ರೂಢಿ.

ಭೂಲಕ್ಷಣ

ಮೂರೂ ತಾಲ್ಲೂಕುಗಳು ದಖ್ಖನ್ ಪ್ರಸ್ಥಭೂಮಿಯ ಬಯಲುಸೀಮೆಗೆ ಸೇರಿವೆ. ಆಳಂದ ಮತ್ತು ಅಫಜಲಪುರದ ನೆಲದಡಿ ಇರುವುದು ಲಾವಾ ಹರಿದು ಉಂಟಾದ ಕಪ್ಪು ಶಿಲೆ. ಅದರ ಮೇಲೆ ಎರೆಮಣ್ಣಿನ ಹೊದಿಕೆ. ಪೂರ್ವಕ್ಕೆ ಹೋದಂತೆ ಶಹಾಬಾದ್ ಕಲ್ಲು ಎಂದು ಹೆಸರಾದ ಸುಣ್ಣಕಲ್ಲಿನ ಪದರಗಳು ಕಾಣತೊಡಗುತ್ತವೆ. ಹಳೆಯ ಮನೆಗಳ ನೆಲಹಾಸಿಗೆ, ಚಾವಣಿಗೆ ಈ ಚಪ್ಪಡಿಗಳನ್ನೇ ಬಳಸಲಾಗಿದೆ. ತೊಗರಿ ಮತ್ತು ಜೋಳ ಮುಖ್ಯ ಬೆಳೆಗಳು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆಯಿತು. ನೀರಾವರಿ ಇರುವೆಡೆ ಕಬ್ಬು ಬೆಳೆಯುತ್ತದೆ. ಅಫಜಲಪುರ ತಾಲ್ಲೂಕಿನ ಹವಳಗಾ ಮತ್ತು ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಈ ಭಾಗದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಸಾಮಾನ್ಯ ದೃಶ್ಯ.

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಸಹ್ಯಾದ್ರಿಯ ಮೇಲೆ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ಸೊಲ್ಲಾಪುರ ಜಿಲ್ಲೆಯನ್ನು ದಾಟಿ ಕರ್ನಾಟಕಕ್ಕೆ ಬರುತ್ತದೆ. ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಗಡಿಯಾಗಿ ಹರಿಯುವಾಗ ಅಫಜಲಪುರ ಅದರ ಉತ್ತರ ದಡದಲ್ಲಿರುತ್ತದೆ. ಮುಂದೆ ಜೇವರ್ಗಿ ತಾಲ್ಲೂಕು ದಕ್ಷಿಣ ದಡಕ್ಕೆ ಬರುತ್ತದೆ. ಹುಟ್ಟಿದಲ್ಲಿಂದ ಸುಮಾರು 860 ಕಿಲೋಮೀಟರ್ ಹರಿದ ಬಳಿಕ ಅದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಅಮರ್ಜಾ ಆಳಂದ ತಾಲ್ಲೂಕಿನ ಹೊಳೆ. ಕೊರಳ್ಳಿಯ ಬಳಿ ಅದಕ್ಕೆ ಜಲಾಶಯ ಕಟ್ಟಲಾಗಿದೆ. ದೇವಲ ಗಾಣಗಾಪುರದ ಬಳಿ ಅದು ಭೀಮೆಯನ್ನು ಕೂಡುತ್ತದೆ.

ಇತಿಹಾಸ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದ ‘ಅಳಂದೆ ಸಾವಿರ’ ಎಂಬ ಆಡಳಿತ ವಿಭಾಗದ ಕೇಂದ್ರವಾಗಿ ಕಾಣಿಸಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದ ಶೈವ ಸಂತ ಏಕಾಂತದ ರಾಮಯ್ಯ ಇದೇ ಊರಿನವನು. ಈಗ ಹಾವೇರಿ ಜಿಲ್ಲೆಯಲ್ಲಿರುವ ಅಬ್ಬಲೂರಿನ ಶಾಸನ ಅವನನ್ನು ಅಳಂದೆಯ ಪುರುಷೋತ್ತಮ ಭಟ್ಟನ ಮಗನೆಂದು ಹೆಸರಿಸಿ, ಜೈನರೊಡನೆ ವಾದಕ್ಕಿಳಿದು ತನ್ನ ತಲೆಯನ್ನು ಅರಿದಿಟ್ಟು ಮತ್ತೆ ಪಡೆದ ಪವಾಡವನ್ನು ವಿವರಿಸುತ್ತದೆ. ಹರಿಹರನೂ ಅವನ ಮೇಲೆ ರಗಳೆ ಬರೆದಿದ್ದಾನೆ.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಹದಿನೈದನೆಯ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಸೂಫಿ ಸಂತರು ಈ ಭಾಗದ ಊರುಗಳಲ್ಲಿ ನೆಲೆ ನಿಂತದ್ದೂ, ಭೀಮಾ ತೀರದಲ್ಲಿ ದತ್ತ ಸಂಪ್ರದಾಯ ಬೇರೂರಿದ್ದೂ ಇದೇ ಕಾಲಘಟ್ಟದಲ್ಲಿ. ಬಳಿಕ ಆದಿಲ್‌ಶಾಹಿಗಳು, ಮೊಗಲರು, ಹೈದರಾಬಾದಿನ ನಿಜಾಮರು ಈ ಪ್ರದೇಶವನ್ನು ಆಳಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮ್ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಹೈದರಾಬಾದ್ ಕರ್ನಾಟಕ ಎಂದು ಕರೆಯಲಾಗುತ್ತಿದ್ದ ಈ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಿತು. ಉರ್ದು ಮತ್ತು ಮರಾಠಿ ಇಲ್ಲಿನ ಕನ್ನಡದೊಡನೆ ಬೆರೆತದ್ದಕ್ಕೆ, ಒಂದೇ ಆವರಣದಲ್ಲಿ ಎರಡು ಧರ್ಮಗಳ ಸಂತರ ನೆಲೆಗಳು ಇರುವುದಕ್ಕೆ ಈ ಇತಿಹಾಸವೇ ಕಾರಣ.

ತಲುಪುವ ಬಗೆ

ಮೂರು ತಾಲ್ಲೂಕು ಪಟ್ಟಣಗಳಲ್ಲಿ ಯಾವುದಕ್ಕೂ ರೈಲು ಇಲ್ಲ. ಹೊರಗಿನಿಂದ ಬರುವವರಿಗೆ ಕಲಬುರಗಿಯೇ ಹೆಬ್ಬಾಗಿಲು. ಅರಬ್ಬಿ ಸಮುದ್ರದ ದಂಡೆಯ ಮುಂಬಯಿಯನ್ನೂ ಬಂಗಾಳ ಕೊಲ್ಲಿಯ ದಂಡೆಯ ಚೆನ್ನೈಯನ್ನೂ ಬೆಸೆಯುವ ರೈಲು ಮಾರ್ಗ ಕಲಬುರಗಿಯ ಮೇಲೆ ಹಾದುಹೋಗುತ್ತದೆ. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಇದೇ ಮಾರ್ಗದಲ್ಲಿ ಸೊಲ್ಲಾಪುರ ಮತ್ತು ಕಲಬುರಗಿಗಳ ನಡುವೆ ಗಾಣಗಾಪುರ ರೋಡ್ ನಿಲ್ದಾಣವಿದೆ. ನಿಲ್ದಾಣದ ಸುತ್ತ ಬೆಳೆದ ಊರಿಗೆ ಸ್ಟೇಷನ್ ಗಾಣಗಾಪುರ ಎಂದೂ, ಕ್ಷೇತ್ರಕ್ಕೆ ದೇವಲ ಗಾಣಗಾಪುರ ಎಂದೂ ಹೆಸರು. ಇವೆರಡರ ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ನಿಲ್ದಾಣದಿಂದ ಕ್ಷೇತ್ರಕ್ಕೆ ಬಸ್ಸು, ಜೀಪು, ಆಟೊಗಳು ಓಡಾಡುತ್ತವೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. ನಿಲ್ಲದ ರೈಲಿನಲ್ಲಿ ಬರುವವರು ಕಲಬುರಗಿಯಲ್ಲೇ ಇಳಿದು ರಸ್ತೆ ಹಿಡಿಯಬೇಕಾಗುತ್ತದೆ.

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. ಅಲ್ಲಿನ ವಿಮಾನಗಳ ಸಂಖ್ಯೆ ಮತ್ತು ವೇಳೆ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

ರಸ್ತೆ ಸಾರಿಗೆಯಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳೇ ಮುಖ್ಯ. ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಿಂದ ಮೂರೂ ಪಟ್ಟಣಗಳಿಗೆ ದಿನವಿಡೀ ಬಸ್ಸುಗಳಿವೆ. ಆಳಂದ ಮತ್ತು ಜೇವರ್ಗಿ ತಲಾ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ. ಅಫಜಲಪುರ ಅದಕ್ಕಿಂತ ದೂರ. ಗಾಣಗಾಪುರಕ್ಕೆ ಹೋಗುವ ಬಸ್ಸು ಅಫಜಲಪುರ ರಸ್ತೆಯಲ್ಲಿ ಚವಡಾಪುರದವರೆಗೆ ಸಾಗಿ ಅಲ್ಲಿಂದ ತಿರುಗುತ್ತದೆ. ನೇರ ಬಸ್ಸು ಸಿಗದವರು ಚವಡಾಪುರದಲ್ಲಿ ಇಳಿದು ಬೇರೆ ವಾಹನ ಹಿಡಿಯುತ್ತಾರೆ. ಆಳಂದದ ಮೇಲೆ ಹೋಗುವ ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಮಹಾರಾಷ್ಟ್ರದ ಗಡಿಯನ್ನೂ ತೆಲಂಗಾಣದ ಗಡಿಯನ್ನೂ ಜೋಡಿಸುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬರುವವರು ಉಮರ್ಗಾದಿಂದ ಆಳಂದದತ್ತ ತಿರುಗಬಹುದು. ಸೊಲ್ಲಾಪುರ ಮತ್ತು ಅಕ್ಕಲಕೋಟೆ ಕಡೆಯಿಂದ ಬರುವವರಿಗೆ ಅಫಜಲಪುರ ಮಾರ್ಗ ಹತ್ತಿರ. ಜೇವರ್ಗಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸೇರುವ ಊರು. ಬೀದರ್, ಕಲಬುರಗಿ, ಸಿಂದಗಿ, ವಿಜಯಪುರಗಳನ್ನು ಜೋಡಿಸುವ ಹೆದ್ದಾರಿ 50 ಇಲ್ಲಿ ಹಾದುಹೋಗುತ್ತದೆ. ಶಹಾಪುರ, ಲಿಂಗಸುಗೂರು, ಬಳ್ಳಾರಿ, ಮೈಸೂರುಗಳ ಮೇಲೆ ಚಾಮರಾಜನಗರದವರೆಗೆ ರಾಜ್ಯವನ್ನು ಉದ್ದಕ್ಕೂ ಸೀಳುವ ಹೆದ್ದಾರಿ 150ಎ ಇಲ್ಲಿಂದಲೇ ಆರಂಭವಾಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುತ್ತಾರೆ.

ದೇವಲ ಗಾಣಗಾಪುರ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ಮೂರು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಯಾತ್ರಿಕರು ಬರುವ ಸ್ಥಳ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿ ಇಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದರು. ವಿದರ್ಭದ ಕಾರಂಜಾದಲ್ಲಿ ಜನಿಸಿದ ಅವರು ಕೃಷ್ಣಾ ತೀರದ ಔದುಂಬರ ಮತ್ತು ನರಸೋಬವಾಡಿಗಳಲ್ಲಿದ್ದು ಬಳಿಕ ಇಲ್ಲಿಗೆ ಬಂದರು. ಸಂಪ್ರದಾಯ ಅವರ ಕಾಲವನ್ನು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಿಂದ ಹದಿನೈದನೆಯ ಶತಮಾನದ ಮಧ್ಯಭಾಗದವರೆಗೆ ಗುರುತಿಸುತ್ತದೆ. ಕೊನೆಗೆ ಪಾದುಕೆಗಳನ್ನು ಇಲ್ಲಿ ಬಿಟ್ಟು ಶ್ರೀಶೈಲದ ಕದಳೀವನಕ್ಕೆ ತೆರಳಿದರೆಂಬುದು ನಂಬಿಕೆ. ಅವರ ಜೀವನವನ್ನು ಹೇಳುವ ಮರಾಠಿ ಗ್ರಂಥ ‘ಗುರುಚರಿತ್ರೆ’ಯಲ್ಲಿ ಇಲ್ಲಿನ ಅನೇಕ ಪ್ರಸಂಗಗಳು ಬರುತ್ತವೆ: ಗೊಡ್ಡೆಮ್ಮೆ ಹಾಲು ಕೊಟ್ಟದ್ದು, ಒಣಗಿದ ಔದುಂಬರದ ಕೊರಡು ಚಿಗುರಿದ್ದು, ಅಶ್ವತ್ಥ ಮರದ ಬ್ರಹ್ಮರಾಕ್ಷಸನಿಗೆ ಬಿಡುಗಡೆ ಸಿಕ್ಕಿದ್ದು. ಬೀದರಿನ ಸುಲ್ತಾನನೊಬ್ಬ ಕಾಲಿನ ಹುಣ್ಣು ವಾಸಿಮಾಡಿಸಿಕೊಳ್ಳಲು ಗುರುವನ್ನು ಹುಡುಕಿಕೊಂಡು ಬಂದ ಕಥೆಯೂ ಅದರಲ್ಲಿದೆ.

ಊರೊಳಗಿನ ನಿರ್ಗುಣ ಮಠ ಕ್ಷೇತ್ರದ ಕೇಂದ್ರ. ಇಲ್ಲಿ ಮುಖ್ಯ ಆರಾಧನೆ ಸಲ್ಲುವುದು ಮೂರ್ತಿಗಲ್ಲ, ನಿರ್ಗುಣ ಪಾದುಕೆಗಳಿಗೆ. ಗರ್ಭಗುಡಿಯ ಸಣ್ಣ ಕಿಂಡಿಯ ಮೂಲಕ ಭಕ್ತರು ಪಾದುಕೆಗಳ ದರ್ಶನ ಪಡೆಯುತ್ತಾರೆ. ಪಾದುಕೆಗಳಿಗೆ ನೀರಿನ ಅಭಿಷೇಕವಿಲ್ಲ; ಕೇಸರಿ ಮತ್ತು ಅಷ್ಟಗಂಧದ ಲೇಪನ ಮಾಡುತ್ತಾರೆ. ದೇವಸ್ಥಾನ ರಾಜ್ಯದ ಮುಜರಾಯಿ ಇಲಾಖೆಗೆ ಸೇರಿದೆ.

ಊರಿನಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಭೀಮಾ–ಅಮರ್ಜಾ ಸಂಗಮವಿದೆ. ಇಲ್ಲಿ ಸಂಗಮೇಶ್ವರ ಗುಡಿ ಮತ್ತು ಔದುಂಬರ ವೃಕ್ಷ, ಅಂದರೆ ಅತ್ತಿಮರ ಇವೆ. ಗುರುಚರಿತ್ರೆಯನ್ನು ಏಳು ದಿನಗಳಲ್ಲಿ ಓದಿ ಮುಗಿಸುವ ಸಪ್ತಾಹ ಪಾರಾಯಣಕ್ಕೆ ಕುಳಿತವರು, ಮರಕ್ಕೆ ಪ್ರದಕ್ಷಿಣೆ ಹಾಕುವವರು ವರ್ಷದ ಎಲ್ಲ ಕಾಲದಲ್ಲೂ ಇಲ್ಲಿ ಕಾಣುತ್ತಾರೆ. ಹತ್ತಿರದಲ್ಲೇ ಭಸ್ಮದ ಗುಡ್ಡವಿದೆ. ಭಕ್ತರು ಅಲ್ಲಿನ ಭಸ್ಮವನ್ನು ಪ್ರಸಾದವೆಂದು ಒಯ್ಯುತ್ತಾರೆ. ಷಟ್ಕುಲ, ನರಸಿಂಹ, ಭಾಗೀರಥಿ, ಪಾಪವಿನಾಶಿ, ಕೋಟಿ, ರುದ್ರಪಾದ, ಚಕ್ರ, ಮನ್ಮಥ ಎಂಬ ಅಷ್ಟತೀರ್ಥಗಳು ಸಂಗಮದಿಂದ ಊರಿನವರೆಗೆ ಹರಡಿಕೊಂಡಿವೆ. ಊರಿನ ಕಲ್ಲೇಶ್ವರ ಗುಡಿಯೂ ಗುರುಚರಿತ್ರೆಯೊಡನೆ ಸಂಬಂಧವುಳ್ಳದ್ದು.

ಕ್ಷೇತ್ರದಲ್ಲಿ ಯಾತ್ರಿಕರ ದಿನಚರಿ ಗುರುವಿನ ದಿನಚರಿಯನ್ನೇ ಅನುಸರಿಸುತ್ತದೆ. ನರಸಿಂಹ ಸರಸ್ವತಿಯವರು ಬೆಳಿಗ್ಗೆ ಸಂಗಮದಲ್ಲಿ ಅನುಷ್ಠಾನ ಮಾಡಿ, ಮಧ್ಯಾಹ್ನ ಊರಲ್ಲಿ ಭಿಕ್ಷೆ ಸ್ವೀಕರಿಸಿ, ರಾತ್ರಿ ಮಠದಲ್ಲಿ ತಂಗುತ್ತಿದ್ದರೆಂದು ನಂಬಿಕೆ. ಅಂತೆಯೇ ಯಾತ್ರಿಕರು ಬೆಳಗಿನ ಜಾವ ಸಂಗಮಸ್ನಾನ ಮುಗಿಸಿ, ಮಧ್ಯಾಹ್ನ ಮಾಧುಕರಿಗೆ ಹೊರಟು, ಸಂಜೆ ಮಠದಲ್ಲಿ ಪಲ್ಲಕ್ಕಿ ಸೇವೆಗೆ ಸೇರುತ್ತಾರೆ. ಮಾಧುಕರಿ ಎಂದರೆ ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡಿ ಉಣ್ಣುವುದು. ಸಿರಿವಂತರೂ ಜೋಳಿಗೆ ಹಿಡಿದು ಬೇಡುತ್ತಾರೆ. ದತ್ತನು ದಿನಕ್ಕೊಮ್ಮೆ ಯಾವುದಾದರೂ ವೇಷದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ, ಮಧ್ಯಾಹ್ನ ಭಿಕ್ಷೆ ನೀಡುವುದೂ ಬೇಡುವುದರಷ್ಟೇ ಪುಣ್ಯದ ಕೆಲಸವೆನಿಸಿದೆ. ಅನ್ನದಾನಕ್ಕೆಂದೇ ದೂರದಿಂದ ಅಡಿಗೆ ಸಾಮಾನು ತರುವ ಕುಟುಂಬಗಳಿವೆ.

ದೆವ್ವ ಹಿಡಿದಿದೆ, ಮಾಟವಾಗಿದೆ ಎಂದು ಮನೆಯವರು ನಂಬಿದ ಜನರನ್ನೂ ಇಲ್ಲಿಗೆ ಕರೆತರುವ ವಾಡಿಕೆ ಇದೆ. ಆರತಿಯ ಹೊತ್ತಿಗೆ ಮಠದಲ್ಲಿ ಕೆಲವರು ಕೂಗಾಡುವುದು, ಕಂಬ ಮತ್ತು ಸರಳುಗಳನ್ನು ಹತ್ತುವುದು ಹೊಸಬರಿಗೆ ಗಾಬರಿ ಹುಟ್ಟಿಸಬಹುದು. ಇವರಲ್ಲಿ ಮಾನಸಿಕ ಅಸ್ವಸ್ಥತೆಯಿಂದ ಬಳಲುವವರು ಇರುವುದರಿಂದ ಅವರ ಫೋಟೊ, ವಿಡಿಯೊ ತೆಗೆಯದಿರುವುದು ಕನಿಷ್ಠ ಸೌಜನ್ಯ.

ಗುರುವಾರ, ಹುಣ್ಣಿಮೆ ಮತ್ತು ಅಮಾವಾಸ್ಯೆಗಳಂದು ಜನಸಂದಣಿ ಹೆಚ್ಚು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ, ಆಷಾಢದ ಗುರುಪೂರ್ಣಿಮೆ, ಆಶ್ವಯುಜ ಬಹುಳದ ಗುರುದ್ವಾದಶಿ, ಮಾಘ ಬಹುಳದ ಗುರುಪ್ರತಿಪದೆ ದೊಡ್ಡ ಉತ್ಸವಗಳು. ಸಮಾಧಾನವಾಗಿ ದರ್ಶನ ಬೇಕೆನ್ನುವವರಿಗೆ ವಾರದ ನಡುವಿನ ಬೇರೆ ದಿನಗಳು ಅನುಕೂಲ. ಯಾತ್ರಿಕರಲ್ಲಿ ಮಹಾರಾಷ್ಟ್ರದವರ ಪ್ರಮಾಣ ದೊಡ್ಡದು. ಅಂಗಡಿ, ವಸತಿಗೃಹಗಳಲ್ಲಿ ಮರಾಠಿ ಸಲೀಸಾಗಿ ನಡೆಯುತ್ತದೆ. ಹಲವರು ಪಂಢರಪುರ, ತುಳಜಾಪುರ, ಅಕ್ಕಲಕೋಟೆ ಮತ್ತು ಗಾಣಗಾಪುರಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. 1878ರಲ್ಲಿ ತೀರಿಕೊಂಡ ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ನರಸಿಂಹ ಸರಸ್ವತಿಯವರ ಮರುಪ್ರಕಟವೆಂದು ಭಕ್ತರು ಭಾವಿಸುವುದರಿಂದ ಈ ಎರಡು ಊರುಗಳ ನಡುವಿನ ಓಡಾಟ ನಿತ್ಯದ್ದು.

ಅಫಜಲಪುರ ತಾಲ್ಲೂಕಿನ ಇತರ ಸ್ಥಳಗಳು

ಘತ್ತರಗಿ ಭೀಮಾ ದಡದ ಇನ್ನೊಂದು ಯಾತ್ರಾಸ್ಥಳ. ಇಲ್ಲಿನ ಭಾಗ್ಯವಂತಿ ದೇವಿ ಕಲಬುರಗಿ, ವಿಜಯಪುರ ಮತ್ತು ಸೊಲ್ಲಾಪುರ ಜಿಲ್ಲೆಗಳ ಅನೇಕ ಕುಟುಂಬಗಳ ಮನೆದೇವತೆ. ಅಮಾವಾಸ್ಯೆಯಂದು ಹೊಳೆಯಲ್ಲಿ ಮಿಂದು ದೇವಿಗೆ ನೈವೇದ್ಯ ಮಾಡಲು ಜನ ಟ್ರ್ಯಾಕ್ಟರು, ಟಂಟಂಗಳಲ್ಲಿ ಬಂದು ಸೇರುತ್ತಾರೆ. ಘತ್ತರಗಿ ಮತ್ತು ಗಾಣಗಾಪುರ ಎರಡೂ ಕಡೆ ಭೀಮೆಗೆ ಸೇತುವೆ ಸಹಿತ ಬ್ಯಾರೇಜುಗಳಿವೆ. ಬೇಸಿಗೆಯಲ್ಲಿ ನೀರು ಹಿಡಿದಿಡುವ ಇವು ವಿಜಯಪುರ ಜಿಲ್ಲೆಗೆ ದಾಟುವ ದಾರಿಯೂ ಹೌದು. ಪ್ರವಾಹ ಬಂದಾಗ ಮುಳುಗಿ ಸಂಚಾರ ನಿಲ್ಲುತ್ತದೆ.

ಮಣ್ಣೂರಿನಲ್ಲಿ ಯಲ್ಲಮ್ಮನ ಗುಡಿ ಇದೆ. ಮಧ್ವಾಚಾರ್ಯರ ನಂತರದ ಯತಿಪರಂಪರೆಯಲ್ಲಿ ಬರುವ ಮಾಧವತೀರ್ಥರ ಬೃಂದಾವನವೂ ಇದೇ ಊರಿನ ನದಿತೀರದಲ್ಲಿದೆ ಎಂದು ಮಾಧ್ವ ಸಂಪ್ರದಾಯ ಗುರುತಿಸುತ್ತದೆ. ಅವರ ನಂತರದ ಅಕ್ಷೋಭ್ಯತೀರ್ಥರ ಬೃಂದಾವನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿರುವುದರಿಂದ ಯತಿಸ್ಥಾನಗಳ ಯಾತ್ರೆ ಮಾಡುವವರು ಎರಡನ್ನೂ ಸೇರಿಸಿಕೊಳ್ಳುತ್ತಾರೆ. ಸೊನ್ನದ ಬಳಿ ಭೀಮಾ ಏತ ನೀರಾವರಿ ಯೋಜನೆಯ ಬ್ಯಾರೇಜಿದೆ. ಜೇವರ್ಗಿ ತಾಲ್ಲೂಕಿನಲ್ಲೂ ಸೊನ್ನ ಎಂಬ ಊರಿದ್ದು, ಅದು ಸಿದ್ಧಲಿಂಗೇಶ್ವರ ಮಠಕ್ಕೆ ಹೆಸರಾಗಿದೆ. ಬಸ್ಸು ಹತ್ತುವಾಗ ಯಾವ ಸೊನ್ನ ಎಂದು ಕೇಳಿಕೊಳ್ಳಬೇಕು.

ಆಳಂದ ತಾಲ್ಲೂಕು

ಆಳಂದ ಪಟ್ಟಣದ ಮುಖ್ಯ ಸ್ಥಳ ಹಜರತ್ ಲಾಡ್ಲೇ ಮಶಾಯಕ್ ಅನ್ಸಾರಿ ಅವರ ದರ್ಗಾ. ಉರುಸಿನ ಸಮಯದಲ್ಲಿ ಕರ್ನಾಟಕ, ಮಹಾರಾಷ್ಟ್ರ ಮತ್ತು ತೆಲಂಗಾಣಗಳಿಂದ ಭಕ್ತರು ಬರುತ್ತಾರೆ. ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ರಾಘವ ಚೈತನ್ಯ, ಕೇಶವ ಚೈತನ್ಯ, ಬಾಬಾಜಿ ಎಂಬ ಗುರುಪರಂಪರೆಯಿಂದ ತನಗೆ ಉಪದೇಶ ದೊರೆಯಿತೆಂದು ಮರಾಠಿ ಸಂತ ತುಕಾರಾಮ ಹೇಳಿಕೊಂಡಿರುವುದರಿಂದ ಪಂಢರಪುರದ ಯಾತ್ರಿಕರಾದ ವಾರಕರಿಗಳಿಗೂ ಈ ಸ್ಥಳ ಪರಿಚಿತ. ಆವರಣದಲ್ಲಿ ಪೂಜೆಯ ಹಕ್ಕಿನ ಕುರಿತು 2022ರಲ್ಲಿ ವಿವಾದ ಎದ್ದು ನ್ಯಾಯಾಲಯದವರೆಗೆ ಹೋಯಿತು. ಆ ಬಳಿಕ ಮಹಾಶಿವರಾತ್ರಿಯಂದು ನಿಗದಿತ ಸಂಖ್ಯೆಯ ಭಕ್ತರಿಗೆ ಷರತ್ತಿನ ಮೇಲೆ ಪೂಜೆಗೆ ಅವಕಾಶ ನೀಡಲಾಗಿದೆ. ಆ ದಿನಗಳಲ್ಲಿ ಪಟ್ಟಣದಲ್ಲಿ ಪೊಲೀಸ್ ಬಂದೋಬಸ್ತು ಮತ್ತು ನಿಷೇಧಾಜ್ಞೆ ಇರುವುದರಿಂದ ಪ್ರವಾಸಿಗರು ಮುಂಚಿತವಾಗಿ ವಿಚಾರಿಸಿಕೊಂಡು ಹೋಗಬೇಕು. ಉಳಿದ ದಿನಗಳಲ್ಲಿ ದರ್ಗಾಕ್ಕೆ ಎಲ್ಲ ಧರ್ಮದವರೂ ಬಂದು ಹೋಗುತ್ತಾರೆ. ಒಳಗೆ ಹೋಗುವಾಗ ತಲೆಗೆ ವಸ್ತ್ರ ಹಾಕಿಕೊಳ್ಳುವುದು ಪದ್ಧತಿ.

ಕಲಬುರಗಿ–ಆಳಂದ ರಸ್ತೆಯ ಕಡಗಂಚಿ ಎರಡು ಕಾರಣಗಳಿಗೆ ಹೆಸರಾಗಿದೆ. ಮೊದಲನೆಯದು, ಗುರುಚರಿತ್ರೆಯನ್ನು ಬರೆದ ಸರಸ್ವತಿ ಗಂಗಾಧರ ಇಲ್ಲಿಯ ಸಾಯಂದೇವನ ವಂಶದವನೆಂಬ ಪ್ರತೀತಿ. ನರಸಿಂಹ ಸರಸ್ವತಿಯವರ ನೇರ ಶಿಷ್ಯನಾಗಿದ್ದ ಸಾಯಂದೇವನ ನಾಲ್ಕು ತಲೆಮಾರುಗಳ ನಂತರದವನು ಈ ಕವಿ. ಗ್ರಂಥದ ಮೂಲ ಪ್ರತಿ ಇಲ್ಲಿಯ ದತ್ತ ಸ್ಥಾನದಲ್ಲಿದೆ ಎಂದು ಭಕ್ತರು ನಂಬುತ್ತಾರೆ. ಗಾಣಗಾಪುರದ ಯಾತ್ರೆಯಲ್ಲಿ ಕಡಗಂಚಿಯನ್ನೂ ಸೇರಿಸಿಕೊಳ್ಳುವವರು ಇದಕ್ಕಾಗಿಯೇ ಬರುತ್ತಾರೆ. ಎರಡನೆಯದು, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ. ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಬಂದು ನೆಲೆಸಿದ್ದರಿಂದ ಈ ರಸ್ತೆಯ ಬಸ್ಸುಗಳಲ್ಲಿ ಹಲವು ರಾಜ್ಯಗಳ ಮಾತು ಕೇಳಿಸುತ್ತದೆ.

ನರೋಣಾದ ಕ್ಷೇಮಲಿಂಗೇಶ್ವರ ದೇವಸ್ಥಾನ ತಾಲ್ಲೂಕಿನ ಹಳೆಯ ಶಿವಸ್ಥಾನಗಳಲ್ಲೊಂದು. ಜಿಡಗಾದ ಮಠಕ್ಕೆ ಗಡಿಯ ಎರಡೂ ಕಡೆ ಭಕ್ತರಿದ್ದಾರೆ. ಕೊರಳ್ಳಿಯ ಅಮರ್ಜಾ ಜಲಾಶಯ ಮಳೆಗಾಲ ಚೆನ್ನಾಗಿ ಆದ ವರ್ಷ ನೋಡುವಂತಿರುತ್ತದೆ. ಖಜೂರಿ ಮುಂತಾದ ಗಡಿಯ ಊರುಗಳಲ್ಲಿ ಸಂತೆ, ನೆಂಟಸ್ತನ, ವಾರಕರಿ ದಿಂಡಿ ಎಲ್ಲವೂ ರಾಜ್ಯದ ಗಡಿಯನ್ನು ದಾಟಿಯೇ ನಡೆಯುತ್ತವೆ.

ಜೇವರ್ಗಿ ಮತ್ತು ಯಡ್ರಾಮಿ

ಜೇವರ್ಗಿ ಪಟ್ಟಣ ಹೆದ್ದಾರಿಯ ಮೇಲಿನ ವ್ಯಾಪಾರದ ಊರು. ಮಹಾಲಕ್ಷ್ಮಿ ದೇವಸ್ಥಾನ ಮತ್ತು ಷಣ್ಮುಖ ಶಿವಯೋಗಿಗಳ ಮಠ ಇಲ್ಲಿವೆ. ತಾಲ್ಲೂಕಿನ ಮುಖ್ಯ ಯಾತ್ರಾಸ್ಥಳಗಳು ಇರುವುದು ಯಡ್ರಾಮಿ ಭಾಗದಲ್ಲಿ. ಹಿಂದೆ ಜೇವರ್ಗಿಗೆ ಸೇರಿದ್ದ ಯಡ್ರಾಮಿ ಈಗ ಪ್ರತ್ಯೇಕ ತಾಲ್ಲೂಕು. ಹಳೆಯ ಪುಸ್ತಕಗಳಲ್ಲಿ ಈ ಊರುಗಳೆಲ್ಲ ಜೇವರ್ಗಿ ತಾಲ್ಲೂಕಿನ ಹೆಸರಿನಲ್ಲೇ ಸಿಗುತ್ತವೆ.

ಅರಳಗುಂಡಗಿ ಕಲಬುರಗಿಯ ಶರಣಬಸವೇಶ್ವರರ ಹುಟ್ಟೂರು. 1746ರಲ್ಲಿ ಜನಿಸಿದ ಅವರು ಒಕ್ಕಲುತನ ಮಾಡುತ್ತ ದಾಸೋಹ ನಡೆಸಿದರು. ಹೊಲದ ಬೆಳೆಯನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂದು ಅವರ ಕುರಿತ ಕಥೆಗಳು ಹೇಳುತ್ತವೆ. ಊರು ಬಿಟ್ಟು ಕಲಬುರಗಿಗೆ ಬಂದು ಅಲ್ಲೇ ದಾಸೋಹ ಮುಂದುವರಿಸಿ 1822ರಲ್ಲಿ ಲಿಂಗೈಕ್ಯರಾದರು. ಕಲಬುರಗಿಯ ಗುಡಿ ದೊಡ್ಡದು, ಅಲ್ಲಿನ ರಥೋತ್ಸವ ಹೋಳಿಯ ನಂತರ ನಡೆಯುತ್ತದೆ. ಅರಳಗುಂಡಗಿಯಲ್ಲಿಯೂ ಅವರ ಗುಡಿ ಇದ್ದು, ಹುಟ್ಟೂರು ನೋಡಬೇಕೆನ್ನುವ ಭಕ್ತರು ಇಲ್ಲಿಯವರೆಗೆ ಬರುತ್ತಾರೆ.

ಕಡಕೋಳ ತತ್ವಪದಕಾರ ಮಡಿವಾಳಪ್ಪನವರ ನೆಲೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಹಲವು ಊರು ಅಲೆದ ಅವರು ಕಡಕೋಳದಲ್ಲಿ ನೆಲೆನಿಂತರು. ಜಾತಿಯ ಮೇಲರಿಮೆಯನ್ನೂ ಮಠಗಳ ಡಾಂಭಿಕತೆಯನ್ನೂ ಬಯ್ಯುವ ಅವರ ಪದಗಳು ಏಕತಾರಿ, ದಮ್ಮಡಿಗಳ ಜೊತೆ ಇಂದಿಗೂ ಈ ಭಾಗದ ಭಜನೆಗಳಲ್ಲಿ ಜೀವಂತವಾಗಿವೆ. ಮುಸ್ಲಿಮನಾಗಿದ್ದ ಚೆನ್ನೂರ ಜಲಾಲಸಾಹೇಬನೂ ಸೇರಿದಂತೆ ಅವರ ಶಿಷ್ಯರು ಬೇರೆ ಬೇರೆ ಜಾತಿಗಳಿಂದ ಬಂದವರು. ಅವರೂ ಪದ ಕಟ್ಟಿದರು. ಕಡಕೋಳದ ಮಠದಲ್ಲಿ ಜಾತ್ರೆಯ ರಾತ್ರಿ ಬೆಳಗಾಗುವವರೆಗೆ ನಡೆಯುವ ಭಜನೆ ಕೇಳುವುದಕ್ಕೆ ತತ್ವಪದಗಳ ಅಭ್ಯಾಸಿಗಳೂ ಬರುತ್ತಾರೆ.

ನೆರೆಯ ಸ್ಥಳಗಳು

ಕಲಬುರಗಿ ನಗರದಲ್ಲಿ ಬಹಮನಿ ಕೋಟೆ, ಅದರೊಳಗಿನ 1367ರ ಜಾಮಿ ಮಸೀದಿ, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರ ಗುಡಿ ಮತ್ತು 2009ರಲ್ಲಿ ಉದ್ಘಾಟನೆಯಾದ ಬುದ್ಧವಿಹಾರ ಒಂದು ದಿನದಲ್ಲಿ ನೋಡಬಹುದಾದವು. ಜೇವರ್ಗಿಯಿಂದ ಭೀಮೆಯ ಹರಿವಿನ ದಿಕ್ಕಿನಲ್ಲಿ ಮುಂದೆ, ನದಿಯ ಆಚೆ ದಡದಲ್ಲಿ, ಸನ್ನತಿ ಇದೆ. ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ದೊರೆತ ಬೌದ್ಧ ಸ್ತೂಪದ ಫಲಕಗಳಲ್ಲಿ ಅಶೋಕನ ಹೆಸರು ಕೊರೆದ ಉಬ್ಬುಶಿಲ್ಪವೂ ಇದೆ. ಪುರಾತತ್ವದಲ್ಲಿ ಆಸಕ್ತಿ ಇರುವವರು ಈ ಎರಡನ್ನು ತಪ್ಪಿಸುವುದಿಲ್ಲ.

ಊಟ ಮತ್ತು ವಸತಿ

ಜೋಳದ ರೊಟ್ಟಿಯೇ ಇಲ್ಲಿನ ಊಟದ ಆಧಾರ. ಬಿಸಿ ರೊಟ್ಟಿಯಲ್ಲದೆ, ಒಣಗಿಸಿ ತಿಂಗಳುಗಟ್ಟಲೆ ಇಡುವ ಖಡಕ್ ರೊಟ್ಟಿಯೂ ಇದೆ; ದೂರದ ಪ್ರಯಾಣಕ್ಕೆ ಕಟ್ಟಿಕೊಳ್ಳಲು ಅದು ಹೇಳಿ ಮಾಡಿಸಿದ್ದು. ಜೊತೆಗೆ ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇರುತ್ತವೆ. ಬೆಳಿಗ್ಗೆ ಸುಸಲಾ ಮತ್ತು ಮಿರ್ಚಿ ಭಜಿ ಬಸ್ ನಿಲ್ದಾಣಗಳ ಸುತ್ತಲಿನ ಹೋಟೆಲುಗಳಲ್ಲಿ ಸಿಗುತ್ತವೆ. ಹಬ್ಬಕ್ಕೆ ಹೂರಣದ ಹೋಳಿಗೆ ಮಾಡುತ್ತಾರೆ. ಮುಸ್ಲಿಂ ಹೋಟೆಲುಗಳ ತಹರಿ ಕಲಬುರಗಿ ಭಾಗದ ವಿಶೇಷ ತಿನಿಸು. ಊಟಕ್ಕೆ ಖಾನಾವಳಿಗಳೇ ಉತ್ತಮ. ಅಲ್ಲಿ ರೊಟ್ಟಿಯನ್ನು ಕಣ್ಣೆದುರೇ ಬಡಿದು ಕೊಡುತ್ತಾರೆ.

ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆ ಈ ನೆಲದ ದೊಡ್ಡ ಹಬ್ಬ. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಸಲ್ಲಿಸಿ, ನೈವೇದ್ಯವನ್ನು ಚರಗವಾಗಿ ಬೆಳೆಗೆ ಚೆಲ್ಲಿ, ಸಜ್ಜೆ ರೊಟ್ಟಿ, ಹಲವು ಕಾಳು ಮತ್ತು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು ಉಣ್ಣುತ್ತಾರೆ. ಹೊಲವಿಲ್ಲದವರನ್ನೂ ಪರವೂರವರನ್ನೂ ಊಟಕ್ಕೆ ಕರೆಯುವುದು ರೂಢಿ. ಕರೆದಾಗ ಒಲ್ಲೆ ಎನ್ನುವುದು ಮನೆಯವರಿಗೆ ಬೇಸರ ತರುತ್ತದೆ.

ವಸತಿಗೆ ಗಾಣಗಾಪುರದಲ್ಲಿ ಯಾತ್ರಿ ನಿವಾಸ, ಧರ್ಮಶಾಲೆ, ಖಾಸಗಿ ಲಾಡ್ಜುಗಳಿವೆ. ಪೂಜಾರಿ ಮನೆತನಗಳೂ ತಮ್ಮ ಯಜಮಾನ ಕುಟುಂಬಗಳಿಗೆ ಇಳಿದುಕೊಳ್ಳಲು ವ್ಯವಸ್ಥೆ ಮಾಡುತ್ತವೆ. ತಾಲ್ಲೂಕು ಪಟ್ಟಣಗಳಲ್ಲಿ ಸಾಧಾರಣ ಲಾಡ್ಜುಗಳು ಮಾತ್ರ ಇವೆ. ಹೆಚ್ಚಿನ ಅನುಕೂಲ ಬಯಸುವವರು ಕಲಬುರಗಿಯಲ್ಲಿ ತಂಗಿ, ದಿನಕ್ಕೊಂದು ದಿಕ್ಕಿಗೆ ಹೋಗಿ ಬರುತ್ತಾರೆ.

ಭಾಷೆ

ಕಲಬುರಗಿ ಸೀಮೆಯ ಕನ್ನಡ ಎಲ್ಲೆಡೆ ಆಡುಮಾತು. ದಖ್ಖನಿ ಉರ್ದು ಪಟ್ಟಣಗಳಲ್ಲಿ ವ್ಯಾಪಕವಾಗಿದೆ, ಗಡಿಯ ಹಳ್ಳಿಗಳಲ್ಲಿ ಮರಾಠಿ ಇದೆ, ತಾಂಡಾಗಳಲ್ಲಿ ಲಂಬಾಣಿ ನುಡಿ ಇದೆ. ಮಾತಿನ ಕೊನೆಗೆ ‘ರೀ’ ಸೇರಿಸುವುದು ಗೌರವದ ಗುರುತು. ಅಪರಿಚಿತರನ್ನು ಅಣ್ಣಾ, ಕಾಕಾ, ಅಕ್ಕಾ, ಯವ್ವಾ ಎಂದು ಕರೆದು ದಾರಿ ಕೇಳಿದರೆ ಜನ ಜೊತೆಗೇ ಬಂದು ತೋರಿಸುವುದುಂಟು.

ಋತು ಮತ್ತು ಎಚ್ಚರಿಕೆಗಳು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಪ್ರವಾಸಕ್ಕೆ ಹಿತವಾದ ಕಾಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ದರ್ಶನ, ಓಡಾಟಗಳನ್ನು ಬೆಳಗಿನ ಹತ್ತರೊಳಗೆ ಅಥವಾ ಸಂಜೆ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ಗುಡಿಯ ಕಲ್ಲುಹಾಸು ಕಾಲು ಸುಡುವಷ್ಟು ಕಾಯುತ್ತದೆ.

ಜುಲೈಯಿಂದ ಅಕ್ಟೋಬರ್‌ವರೆಗೆ ಭೀಮೆಯ ಮಟ್ಟವನ್ನು ಗಮನಿಸುವುದು ಅಗತ್ಯ. ಸ್ಥಳೀಯವಾಗಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ನದಿ ಉಕ್ಕುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೀಗೆ ಬಂದ ಪ್ರವಾಹ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳಿಗೆ ನುಗ್ಗಿತು. ಜನರನ್ನು ಕಾಳಜಿ ಕೇಂದ್ರಗಳಿಗೆ ಸಾಗಿಸಬೇಕಾಯಿತು. ಅಂಥ ದಿನಗಳಲ್ಲಿ ಸಂಗಮಸ್ನಾನಕ್ಕೆ ಇಳಿಯದೆ ದಡದಲ್ಲೇ ತಲೆಗೆ ನೀರು ಪ್ರೋಕ್ಷಣೆ ಮಾಡಿಕೊಳ್ಳುವುದು, ಮುಳುಗಿದ ಬ್ಯಾರೇಜಿನ ಮೇಲೆ ವಾಹನ ಓಡಿಸದಿರುವುದು ಕಡ್ಡಾಯ. ಬೇಸಿಗೆಯಲ್ಲೂ ನದಿಯಲ್ಲಿ ಮರಳು ತೆಗೆದ ಆಳವಾದ ಗುಂಡಿಗಳಿರಬಹುದಾದ್ದರಿಂದ ಊರವರು ತೋರಿಸಿದ ಕಡೆ ಮಾತ್ರ ನೀರಿಗೆ ಇಳಿಯಬೇಕು. ಹಳ್ಳಿಗಳಿಗೆ ಕೊನೆಯ ಬಸ್ಸು ಸಾಮಾನ್ಯವಾಗಿ ಬೇಗನೆ ಹೊರಡುತ್ತದೆ. ಮರಳುವ ಬಸ್ಸಿನ ವೇಳೆಯನ್ನು ಇಳಿದಾಗಲೇ ಕಂಡಕ್ಟರನ ಬಳಿ ಕೇಳಿಟ್ಟುಕೊಳ್ಳುವುದು ಉತ್ತಮ.